ನಿಧಿ ಯಾರದ್ದು ಸ್ವಾಮಿ?

ಹಳೇ ನಿಧಿಬೇಟೆ ಸಿನಿಮಾಗಳೆಂದರೆ ನನಗೆ ಪಂಚಪ್ರಾಣ. ಅರ್ಧ ಹರಿದ ನಕ್ಷೆ, ದಟ್ಟ ಕಾಡು, ಕಿತ್ತುಹೋಗೋ ಹಗ್ಗದ ಸೇತುವೆ, ಹಾವು ತುಂಬಿದ ಗುಂಡಿ, ಒಳಗೆ ಕಾಲಿಟ್ಟ ತಕ್ಷಣ ಧಡಾರನೆ ಮುಚ್ಚಿಕೊಳ್ಳೋ ಕಲ್ಲಿನ ಬಾಗಿಲು.. ಟೀವಿಯಲ್ಲಿ ಎಷ್ಟು ಸಲ ಬಂದರೂ ಕೂತು ನೋಡುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಾಂದ್ರೆ "ಇವನಿಗೆ ಮಜಾ ಅಂದ್ರೇನು ಅಂತಾನೇ ಗೊತ್ತಿಲ್ಲ" ಅನ್ನೋದೇ ಮೊದಲ ಕಾಮೆಂಟಾಗಿ ಬೀಳತ್ತೆ :-)

ಈ ಸಿನಿಮಾಗಳಲ್ಲಿ ಕಪ್ಪು ಜನ, ಕಂದು ಜನ ಹೇಗೆ ಕಾಣಿಸಿಕೊಂಡಿದ್ದಾರೆ ಅನ್ನೋ ಮಾತು ಬಂದಾಗಲೆಲ್ಲ ಎರಡು ಗುಂಪಾಗುತ್ತದೆ. ಒಂದು ಗುಂಪು, "ಅಯ್ಯೋ, ಆ ಕಾಲದ ಸಿನಿಮಾ ಕಣ್ರೀ, ಬಿಟ್ಟಾಕಿ" ಅನ್ನತ್ತೆ. ಇನ್ನೊಂದು ಗುಂಪು, "ಈಗ ಎಲ್ಲಾ ಬಣ್ಣದವರನ್ನೂ ಹಾಕ್ಕೊಳ್ತಾರಲ್ಲ, ಸರಿಹೋಯ್ತು" ಅಂತ ಸಮಾಧಾನ ಪಟ್ಟುಕೊಳ್ಳತ್ತೆ. ನನ್ನ ಜಗಳ ಇಬ್ಬರ ಜೊತೆಗೂ. ಯಾಕಂದ್ರೆ ಇಬ್ಬರೂ ಎಣಿಸುತ್ತಿರೋದು ಮುಖಗಳನ್ನ. ನಾನು ಕೇಳೋದು ಒಂದೇ ಪ್ರಶ್ನೆ: ಆ ನಿಧಿ ಯಾರದ್ದು ಅಂತ ಸಿನಿಮಾದೊಳಗೆ ಯಾರಾದರೂ ಕೇಳುತ್ತಾರಾ? ಕೇಳೋ ಹಕ್ಕು ಆ ಊರಿನವನಿಗೆ ಇದೆಯಾ?

ಮೊದಲು "ಆ ಕಾಲದ ಸಿನಿಮಾ" ಅನ್ನೋರಿಗೆ ಉತ್ತರ ಕೊಡ್ತೀನಿ. ಅದಕ್ಕೆ ನಮ್ಮ ಎಚ್.ಡಿ. ಕೋಟೆ ಕಡೆಯ ಹುಡುಗನೊಬ್ಬನ ಕತೆ ಸಾಕು.

ಸಾಬು. ಹೆಸರು ಕೇಳಿದ್ದೀರಾ? 1924ರಲ್ಲಿ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಹುಟ್ಟಿದವನು. ಅಪ್ಪ ಮಹಾರಾಜರ ಮಾವುತ. ರಾಬರ್ಟ್ ಫ್ಲಾಹರ್ಟಿ 'ಎಲಿಫೆಂಟ್ ಬಾಯ್' ಚಿತ್ರಕ್ಕೆ ಹುಡುಗನನ್ನು ಹುಡುಕಿಕೊಂಡು ಮೈಸೂರಿಗೆ ಬಂದಾಗ, ಆನೆ ಮೇಲೆ ತನ್ನ ಮನೆ ಜಗಲಿ ಮೇಲೆ ಕೂತಷ್ಟು ಸಲೀಸಾಗಿ ಕೂರುತ್ತಿದ್ದ ಈ ಹುಡುಗ ಸಿಕ್ಕ. ಸಿನಿಮಾ 1937ರಲ್ಲಿ ಬಂತು. ಸಾಬು ಲಂಡನ್ನಿಗೆ ಹೋದ, ಅಲ್ಲಿಂದ ಹಾಲಿವುಡ್ಡಿಗೆ ಹೋದ, ಜಗತ್ತಿಗೇ ಗೊತ್ತಾದ.

ಈಗ ತಮಾಷೆ ನೋಡಿ. 'ಎಲಿಫೆಂಟ್ ಬಾಯ್'ನಲ್ಲಿ ಆನೆಗಳು ಮೈಸೂರಿನವು, ಕಾಡು ಮೈಸೂರಿನದು, ಹುಡುಗ ಮೈಸೂರಿನವನು. ಆದರೆ ಆ ಹುಡುಗನ ಅಪ್ಪ? ಡಬ್ಲ್ಯೂ. ಇ. ಹಾಲೋವೇ ಅನ್ನೋ ಬಿಳಿಯ ನಟ. ಹಿರಿಯ ಮಾವುತ ಮಚುವಾ ಅಪ್ಪ? ಅಲನ್ ಜೇಯ್ಸ್ ಅನ್ನೋ ಇನ್ನೊಬ್ಬ ಬಿಳಿಯ. ನಿಜವಾದ ಮಾವುತನ ಮಗನಿಗೆ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಅಪ್ಪ! ಮಗು ಭಾರತೀಯ ಆಗಬಹುದು, ಮಾತಾಡೋ ಗಂಡಸು ಮಾತ್ರ ಆಗಬಾರದು.

ಇದು ಆಕಸ್ಮಿಕ ಅಂತೀರಾ? 1942ರ 'ಜಂಗಲ್ ಬುಕ್' ನೋಡಿ. ಕಿಪ್ಲಿಂಗನ ಹೆಸರಿದ್ದರೂ ಅದರ ಅರ್ಧ ಕತೆ ಅಪ್ಪಟ ನಿಧಿಬೇಟೆ. ಕಾಡಿನೊಳಗೆ ಹಾಳುಬಿದ್ದ ನಗರ, ಅಲ್ಲಿ ರಾಶಿ ಚಿನ್ನ, ಅದರ ಹಿಂದೆ ಬಿದ್ದು ಒಬ್ಬರನ್ನೊಬ್ಬರು ಮುಗಿಸೋಕೆ ಹೊರಟ ಮೂವರು ಹಳ್ಳಿಗರು. ಬಲ್ದೇವನ ಪಾತ್ರಕ್ಕೆ ಮಾಲ್ಟಾದಲ್ಲಿ ಹುಟ್ಟಿದ ಜೋಸೆಫ್ ಕಲೇಯಾ, ಕ್ಷೌರಿಕನಿಗೆ ಜಾನ್ ಕ್ವೇಲನ್, ಪಂಡಿತನಿಗೆ ಫ್ರಾಂಕ್ ಪುಗ್ಲಿಯಾ. ಮೌಗ್ಲಿಯ ತಾಯಿಗೆ ರೋಸ್ಮರಿ ಡಿಕ್ಯಾಂಪ್. ಇಡೀ 'ಭಾರತದ ಹಳ್ಳಿ'ಯ ಮುಖ್ಯ ಪಾತ್ರಗಳಲ್ಲಿ ಭಾರತದವನು ಒಬ್ಬನೇ, ಮೌಗ್ಲಿ ಆದ ಸಾಬು. ಚಿತ್ರೀಕರಣ ಆಗಿದ್ದು ಕ್ಯಾಲಿಫೋರ್ನಿಯಾದಲ್ಲಿ.

ಮುಖಗಳ ಲೆಕ್ಕ ಇಲ್ಲಿಗೆ ಸಾಕು. ಈಗ ಚಿನ್ನದ ಲೆಕ್ಕ. ಆ ಸಿನಿಮಾದಲ್ಲಿ ಊರಿನವರು ಎರಡೇ ಥರ. ಒಂದು, ಚಿನ್ನ ಕಂಡರೆ ಕತ್ತು ಕುಯ್ಯೋ ದುರಾಸೆಯವರು. ಎರಡು, ಚಿನ್ನ ಅಂದರೇನು ಅಂತಾನೇ ಗೊತ್ತಿಲ್ಲದ ಮುಗ್ಧ ಕಾಡುಹುಡುಗ. ಕಳ್ಳ ಅಥವಾ ಮಗು. "ಇದು ನಮ್ಮ ಅಜ್ಜ ಮುತ್ತಜ್ಜ ಕಟ್ಟಿದ ಊರು, ಇದರ ವಾರಸುದಾರರು ನಾವು" ಅನ್ನೋ ಮೂರನೇ ಥರದವನು ಹುಟ್ಟೋದೇ ಇಲ್ಲ. ಈ ಎರಡು ಅಚ್ಚುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಂಬತ್ತು ವರ್ಷ ಇವೇ ಓಡುತ್ತವೆ.

1940ರ 'ದಿ ಥೀಫ್ ಆಫ್ ಬಾಗ್ದಾದ್'ನಲ್ಲೂ ಅಷ್ಟೇ. ಜೇಡರ ಬಲೆ ಹತ್ತಿ, ದೈತ್ಯ ವಿಗ್ರಹ ಹತ್ತಿ, ಸರ್ವವನ್ನೂ ಕಾಣೋ ಮಣಿಯನ್ನು ಕಿತ್ತು ತರೋದು ಸಾಬು. ಸಾಹಸ ಪೂರ್ತಿ ಅವನದ್ದು. ಕೊನೆಗೆ ಸಿಂಹಾಸನ ಮತ್ತು ರಾಜಕುಮಾರಿ ಸಿಗೋದು ಯಾರಿಗೆ? ಬ್ರಿಟಿಷ್ ನಟ ಜಾನ್ ಜಸ್ಟಿನ್‌ಗೆ. ನಮ್ಮ ಹುಡುಗ ಜಮಖಾನೆ ಹತ್ತಿ ಹಾರಿಹೋಗುತ್ತಾನೆ. ಸಿನಿಮಾ ಚಂದ ಇದೆ, ಇಲ್ಲ ಅನ್ನಲ್ಲ. ಆ ಹಾರಾಟ ನೋಡಿ ಖುಷಿಯೂ ಆಗತ್ತೆ. ಆದರೆ ಕತೆ ಬರೆದವರಿಗೆ ಅವನನ್ನು ಎಲ್ಲಿ ಕೂರಿಸಬೇಕು ಅಂತ ಗೊತ್ತಾಗದೆ ಆಕಾಶಕ್ಕೆ ಬಿಟ್ಟರು ಅಂತ ನನಗನ್ನಿಸತ್ತೆ. ಇದೇ ಸಾಬು 1944ರಲ್ಲಿ ಅಮೆರಿಕದ ಪೌರನಾದ, ಅವರ ವಾಯುಪಡೆಯ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಯುದ್ಧ ಮಾಡಿದ, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ಯುದ್ಧದಲ್ಲಿ ಗಂಡಸು, ಪರದೆ ಮೇಲೆ ಹುಡುಗ. 1963ರಲ್ಲಿ 39ನೇ ವಯಸ್ಸಿಗೇ ಹೃದಯಾಘಾತದಿಂದ ಹೋಗಿಬಿಟ್ಟ.

ಹಾಗಾಗಿ "ಆ ಕಾಲದಲ್ಲಿ ನಟರು ಸಿಗ್ತಿರಲಿಲ್ಲ" ಅನ್ನಬೇಡಿ. ಸಾಬು ಸಿಕ್ಕಿದ್ದ. 1937ರ 'ಕಿಂಗ್ ಸಾಲೊಮನ್ಸ್ ಮೈನ್ಸ್'ಗೆ ಪಾಲ್ ರೋಬ್ಸನ್ ಅಂಥ ದೈತ್ಯ ಪ್ರತಿಭೆಯೇ ಸಿಕ್ಕಿತ್ತು. 1950ರ ಅದೇ ಕತೆಯ ಚಿತ್ರದಲ್ಲಿ ಉಂಬೋಪಾನ ಪಾತ್ರವನ್ನು ಸಿರಿಯಾಕ್ ಅನ್ನೋ ಟುಟ್ಸಿ ಜನಾಂಗದವನೇ ಮಾಡಿದ. ನಟರಿಗೆ ಬರ ಇರಲಿಲ್ಲ. ಅವರಿಗೆ ಕೊಡೋ ಮಾತಿಗೆ ಬರ ಇತ್ತು.

ಇನ್ನು ಎಲ್ಲರಿಗೂ ಗೊತ್ತಿರೋ ಇಂಡಿಯಾನಾ ಜೋನ್ಸ್. 1981ರ 'ರೇಡರ್ಸ್ ಆಫ್ ದಿ ಲಾಸ್ಟ್ ಆರ್ಕ್'. ಕತೆ ನಡೆಯೋದು ಈಜಿಪ್ಟಿನಲ್ಲಿ, ತೆಗೆದದ್ದು ಟ್ಯುನೀಸಿಯಾದಲ್ಲಿ. ನಾಯಕನ ಈಜಿಪ್ಟಿನ ಗೆಳೆಯ ಸಲ್ಲಾಹ್, ವೇಲ್ಸ್ ಮೂಲದ ಜಾನ್ ರೀಸ್-ಡೇವಿಸ್. ಪದಕದ ಮೇಲಿನ ಬರಹ ಓದಿ ಹೇಳೋ ಇಮಾಮ್, ನಾರ್ವೆಯ ಟುಟ್ಟೆ ಲೆಮ್ಕೊವ್. ಸಂತೆಯಲ್ಲಿ ಕತ್ತಿ ತಿರುಗಿಸಿ ತಿರುಗಿಸಿ ಒಂದೇ ಗುಂಡಿಗೆ ಸಾಯೋನು, ಇಂಗ್ಲೆಂಡಿನ ಸ್ಟಂಟ್‌ಮನ್ ಟೆರಿ ರಿಚರ್ಡ್ಸ್. ಗೆಳೆಯ, ಜ್ಞಾನಿ, ಪುಂಡ.. ಮೂವರೂ ಯುರೋಪಿನವರು. ಈಜಿಪ್ಟಿನವರು ಉಳಿದದ್ದು ಎಲ್ಲಿ ಅಂದರೆ ಗುಂಡಿ ತೋಡೋ ಕೂಲಿಯಲ್ಲಿ. ಕೊನೆಗೆ ಆ ಪವಿತ್ರ ಪೆಟ್ಟಿಗೆ ಹೋಗಿ ಬೀಳೋದು ಅಮೆರಿಕ ಸರಕಾರದ ಗೋದಾಮಿಗೆ. ನಾಜಿಗಳ ಕೈಗೆ ಹೋಗಲಿಲ್ಲವಲ್ಲ ಅಂತ ನಾವೂ ನಿಟ್ಟುಸಿರು ಬಿಡುತ್ತೇವೆ. ಯಾವ ನೆಲದಿಂದ ಎತ್ತಿದರೋ ಆ ನೆಲದವರನ್ನು ಒಂದು ಮಾತು ಕೇಳಬೇಕಿತ್ತಾ? ಛೆ, ಅಷ್ಟು ಹೊತ್ತಿಗೆ ಟೈಟಲ್ ಓಡುತ್ತಿರತ್ತೆ.

1984ರ 'ಟೆಂಪಲ್ ಆಫ್ ಡೂಮ್' ಬಗ್ಗೆ ಎಲ್ಲರೂ ಬಯ್ಯೋದು ಆ ಊಟದ ದೃಶ್ಯಕ್ಕೆ. ಕೋತಿ ಮಿದುಳು, ಕಣ್ಣುಗುಡ್ಡೆ ಸಾರು, ಹಾವಿನ ಹೊಟ್ಟೆಯಿಂದ ಹೊರಬರೋ ಮರಿಗಳು. ಬಯ್ಯಬೇಕಾದ್ದೇ. ಚಿತ್ರಕತೆ ಓದಿದ ನಮ್ಮ ಸರಕಾರ ಇಲ್ಲಿ ಚಿತ್ರೀಕರಣಕ್ಕೆ ಸುಲಭವಾಗಿ ಒಪ್ಪದೆ ಬದಲಾವಣೆ ಕೇಳಿತು, ಅವರು ಶ್ರೀಲಂಕಾಕ್ಕೆ ಹೋದರು. ಹಾಗಾಗಿ ಆ 'ಭಾರತದ ಹಳ್ಳಿ'ಯ ಜನ ಆಡೋದು ಸಿಂಹಳ! ಬಂದ ಮೇಲೆ ಕೆಲಕಾಲ ಇಲ್ಲಿ ಚಿತ್ರವನ್ನು ನಿಷೇಧಿಸಿದ್ದೂ ಆಯ್ತು.

ಆದರೆ ನನ್ನ ಸಿಟ್ಟು ಊಟದ ಮೇಲಲ್ಲ. ಊಟವನ್ನು ಕೆಟ್ಟ ಜೋಕು ಅಂತ ಉಗಿದು ಸುಮ್ಮನಾಗಬಹುದು. ಕತೆಯ ಕಾಲ ನೋಡಿ, 1935. ದಂಡಿ ಯಾತ್ರೆ ಆಗಿ ಐದು ವರ್ಷ ಕಳೆದಿದೆ. ಹಳ್ಳಿ ಹಳ್ಳಿಯಲ್ಲಿ ಜನ ಜೈಲು ಸೇರಿ ಬಂದಿದ್ದಾರೆ. ಈ ಸಿನಿಮಾದ ಭಾರತದಲ್ಲಿ ಬ್ರಿಟಿಷರ ಬಗ್ಗೆ ಅಸಮಾಧಾನ ಇರೋರು ಯಾರು? ಒಬ್ಬ, ಊಟದ ಮೇಜಿನಲ್ಲಿ ಬ್ರಿಟಿಷ್ ಕ್ಯಾಪ್ಟನ್ನಿಗೆ ನಯವಾಗಿ ಚುಚ್ಚೋ ದಿವಾನ ಚತ್ತರ್ ಲಾಲ್. ಇನ್ನೊಬ್ಬ, ಬ್ರಿಟಿಷರನ್ನು ಮುಗಿಸುತ್ತೇನೆ ಅನ್ನೋ ಮೋಲಾ ರಾಮ್. ಇಬ್ಬರೂ ಖಳರು. ಒಬ್ಬನಂತೂ ಎದೆಗೆ ಕೈ ಹಾಕಿ ಹೃದಯ ಕೀಳೋನು. ಉಳಿದ ಒಳ್ಳೆಯ ಭಾರತೀಯರು ಏನು ಮಾಡ್ತಾರೆ? ಆಕಾಶದಿಂದ ಬಿದ್ದ ಅಮೆರಿಕದವನ ಕಾಲು ಮುಟ್ಟಿ, ಕಳೆದುಹೋದ ನಮ್ಮ ಕಲ್ಲು, ನಮ್ಮ ಮಕ್ಕಳು ಎರಡನ್ನೂ ತಂದುಕೊಡಿ ಅಂತ ಅಳುತ್ತಾರೆ. ಕೊನೆಗೆ ಸೇತುವೆ ಹತ್ತಿರ ಬಂದು ಕಾಪಾಡೋದು ಯಾರು? ಅದೇ ಬ್ರಿಟಿಷ್ ಕ್ಯಾಪ್ಟನ್ನು, ಅವನ ಸೈನ್ಯ.

ಗಮನಿಸಿ, ಈ ಚಿತ್ರದಲ್ಲಿ ನಿಧಿ ಊರಿಗೆ ವಾಪಸ್ ಬರತ್ತೆ. ಅಷ್ಟರ ಮಟ್ಟಿಗೆ ಸರಣಿಯ ಉಳಿದ ಚಿತ್ರಗಳಿಗಿಂತ ಮೇಲು. ಆದರೂ ಊರಿನವರು ಮಕ್ಕಳೇ. ಕೊಟ್ಟಾಗ ಕೈಮುಗಿದು ತಗೊಳ್ಳೋರು. ಪಾತ್ರವರ್ಗದಲ್ಲಿ ಅಮರೀಶ್ ಪುರಿ ಇದ್ದಾರೆ, ರೋಷನ್ ಸೇಠ್ ಇದ್ದಾರೆ. ಸೇಠ್ ಎರಡು ವರ್ಷ ಮೊದಲಷ್ಟೇ 'ಗಾಂಧಿ'ಯಲ್ಲಿ ನೆಹರೂ ಆಗಿದ್ದವರು! ಅಮರೀಶ್ ಪುರಿಯನ್ನು ನಾವು ಕನ್ನಡದಲ್ಲೇ ನೋಡಿದ್ದೇವೆ. 1973ರಲ್ಲಿ ಗಿರೀಶ್ ಕಾರ್ನಾಡರ 'ಕಾಡು' ಚಿತ್ರದ ಚಂದ್ರೇಗೌಡ. ಹೆಂಡತಿ, ಪಕ್ಕದೂರಿನ ಸಂಬಂಧ, ಊರಿನ ದ್ವೇಷ ಎಲ್ಲದರ ಮಧ್ಯೆ ಸಿಕ್ಕಿಕೊಂಡ ಮನುಷ್ಯ. ಅವನು ಒಳ್ಳೆಯವನಾ ಕೆಟ್ಟವನಾ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. ಅದೇ ನಟ, ಅದೇ ಕಣ್ಣು, ಅದೇ ಕಂಠ. ನಟ ನಮ್ಮವನಾದ ಮಾತ್ರಕ್ಕೆ ಪಾತ್ರ ನಮ್ಮದಾಗಲ್ಲ ಅನ್ನೋಕೆ ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಪುರಿ ತಮ್ಮ ಆತ್ಮಕತೆಯಲ್ಲಿ ಮೋಲಾ ರಾಮ್‌ನನ್ನು ಸಮರ್ಥಿಸಿಕೊಂಡರು. ಅದು ಅವರ ಹೊಟ್ಟೆಪಾಡು ಮತ್ತು ಅವರ ಹಕ್ಕು. ನಟರ ಮೇಲೆ ನನಗೇನೂ ದೂರಿಲ್ಲ.

"ಅಲ್ಲಾ ರೀ, ಕಲ್ಪನೆಯ ಕತೆಗೆ ಇಷ್ಟು ತಲೆ ಕೆಡಿಸ್ಕೋಬೇಕಾ?" ಅಂತೀರಿ. ಬೇಕು. ಯಾಕಂದ್ರೆ ಈ ಕಲ್ಪನೆ ನೆಲಕ್ಕಿಳಿದು ಓಡಾಡಿದೆ.

ರೈಡರ್ ಹ್ಯಾಗರ್ಡ್ 1885ರಲ್ಲಿ 'ಕಿಂಗ್ ಸಾಲೊಮನ್ಸ್ ಮೈನ್ಸ್' ಬರೆದ. ಆಫ್ರಿಕಾದ ಒಳನಾಡಿನ ಭವ್ಯ ಕೆಲಸಗಳನ್ನೆಲ್ಲ ಹೊರಗಿಂದ ಬಂದ ಪುರಾತನರು ಮಾಡಿದ್ದು ಅನ್ನೋ ಎಳೆ ಅದರಲ್ಲಿದೆ. ಇದು ಅವನೊಬ್ಬನ ತಲೆಯದ್ದಲ್ಲ. 1871ರಲ್ಲಿ ಗ್ರೇಟ್ ಜಿಂಬಾಬ್ವೆಯ ಕಲ್ಲಿನ ಕೋಟೆ ನೋಡಿದ ಜರ್ಮನಿಯ ಕಾರ್ಲ್ ಮೌಖ್, ಅದನ್ನು ಶೇಬಾ ರಾಣಿಗೆ ಗಂಟು ಹಾಕಿದ್ದ. ಕಪ್ಪು ಜನ ಇಂಥದ್ದನ್ನು ಕಟ್ಟೋಕೆ ಸಾಧ್ಯವಾ ಅನ್ನೋದು ಒಳಗಿನ ಮಾತು. 1929ರಲ್ಲಿ ಗೆರ್ಟ್ರೂಡ್ ಕೇಟನ್-ಥಾಂಪ್ಸನ್ ಅಗೆದು ನೋಡಿ, ಇದನ್ನು ಕಟ್ಟಿದ್ದು ಆಫ್ರಿಕನ್ನರೇ ಅಂತ ಸ್ಪಷ್ಟವಾಗಿ ಹೇಳಿದರು. ಆದರೂ 1965ರ ನಂತರದ ರೊಡೇಶಿಯಾದ ಬಿಳಿಯ ಸರಕಾರಕ್ಕೆ ಆ ಸತ್ಯ ಬೇಡವಾಗಿತ್ತು. ಸತ್ಯ ಹೇಳುತ್ತಿದ್ದ ಪುರಾತತ್ತ್ವಜ್ಞ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಟ್ಟರು. ಕಟ್ಟಿದವರು ನೀವಲ್ಲ ಅಂತಾದರೆ ನೆಲವೂ ನಿಮ್ಮದಲ್ಲ, ಅಷ್ಟೇ ಸರಳ ಲೆಕ್ಕ. 1980ರಲ್ಲಿ ಸ್ವತಂತ್ರವಾದ ದೇಶ ತನ್ನ ಹೆಸರನ್ನೇ ಆ ಕಲ್ಲಿನ ಕೋಟೆಯಿಂದ ತಗೊಂಡಿತು, ಜಿಂಬಾಬ್ವೆ ಅಂತ.

ಐದೇ ವರ್ಷಕ್ಕೆ, 1985ರಲ್ಲಿ, 'ಕಿಂಗ್ ಸಾಲೊಮನ್ಸ್ ಮೈನ್ಸ್' ಮತ್ತೆ ಬಂತು. ರಿಚರ್ಡ್ ಚೇಂಬರ್ಲಿನ್, ಶರಾನ್ ಸ್ಟೋನ್. ಚಿತ್ರೀಕರಣ ಎಲ್ಲಿ ಗೊತ್ತಾ? ಅದೇ ಜಿಂಬಾಬ್ವೆಯಲ್ಲಿ! ಮತ್ತು ಅದರಲ್ಲಿ ಏನಿದೆ? ನಾಯಕ ನಾಯಕಿಯನ್ನು ದೈತ್ಯ ಹಂಡೆಯಲ್ಲಿ ತರಕಾರಿ ಜೊತೆ ಬೇಯಿಸೋಕೆ ಹೊರಟ ಕಾಡುಜನ. ಹಾಗಾದರೆ ಕಲ್ಪನೆ ಬರೀ ಕಲ್ಪನೆ ಅಂತ ಹೇಗೆ ಬಿಡೋದು ಹೇಳಿ?

ಪೆರುವಿನ ಕತೆ ಇನ್ನೂ ನೇರ. 1911ರಲ್ಲಿ ಹಿರಾಂ ಬಿಂಗ್‌ಹ್ಯಾಮ್ ಮಾಚು ಪಿಚು 'ಕಂಡುಹಿಡಿದ' ಅಂತ ನಾವೆಲ್ಲ ಓದಿದ್ದೇವೆ. ಅವನಿಗೆ ದಾರಿ ತೋರಿಸಿದ್ದು ಮೆಲ್ಚೋರ್ ಅರ್ಟೇಗಾ ಅನ್ನೋ ಅಲ್ಲಿನ ರೈತ. ಮೇಲೆ ಹತ್ತಿದಾಗ ಆ ಇಂಕಾ ಪಾವಟಿಗೆಗಳಲ್ಲಿ ರೈತ ಕುಟುಂಬಗಳು ಬೆಳೆ ಬೆಳೆದುಕೊಂಡಿದ್ದವು. ಒಬ್ಬ ಪುಟ್ಟ ಹುಡುಗ ಅವನನ್ನು ಕೈಹಿಡಿದು ಅವಶೇಷ ತೋರಿಸಿದ. ಜನ ಬದನೆ ಗಿಡಕ್ಕೆ ನೀರು ಹಾಕಿದ ಹಾಗೆ ನಿತ್ಯ ಓಡಾಡೋ ಜಾಗ 'ಕಳೆದುಹೋದ ನಗರ'! ಕಳೆದುಕೊಂಡಿದ್ದು ಯಾರು? ಅಲ್ಲಿಂದ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದ ಸಾವಿರಾರು ವಸ್ತುಗಳನ್ನು ವಾಪಸ್ ಪಡೆಯೋಕೆ ಪೆರು 2011-12ರವರೆಗೆ ಕಾಯಬೇಕಾಯ್ತು. ಸರಿಸುಮಾರು ನೂರು ವರ್ಷ. 1954ರಲ್ಲಿ ಇದೇ ಮಾಚು ಪಿಚುವಿನಲ್ಲಿ ತೆಗೆದ 'ಸೀಕ್ರೆಟ್ ಆಫ್ ದಿ ಇಂಕಾಸ್' ಅನ್ನೋ ಚಿತ್ರದಲ್ಲಿ ಚಾರ್ಲ್‌ಟನ್ ಹೆಸ್ಟನ್ ಹಾಕಿದ ಹ್ಯಾಟು, ಚರ್ಮದ ಜಾಕೆಟ್ಟೇ ಮುಂದೆ ಇಂಡಿಯಾನಾ ಜೋನ್ಸ್ ಮೈಮೇಲೆ ಬಂತು. ಇಂಡಿಯ ಹೆಸರಾಂತ ಮಾತು ನೆನಪಿದೆಯಲ್ಲ, ಇಂಥ ವಸ್ತು ಇರಬೇಕಾದ್ದು ಮ್ಯೂಸಿಯಮ್ಮಿನಲ್ಲಿ ಅಂತ? ಯಾವ ದೇಶದ ಮ್ಯೂಸಿಯಮ್ಮು ಅಂತ ಅವನನ್ನು ಯಾರೂ ಕೇಳಲೇ ಇಲ್ಲ.

ಈಗ ಎರಡನೇ ಗುಂಪಿಗೆ ಬರ್ತೀನಿ. "ಈಗ ಸರಿಹೋಗಿದೆ" ಅನ್ನೋರು.

2022ರ 'ಅನ್‌ಚಾರ್ಟೆಡ್' ನೋಡಿ. ಪಾತ್ರವರ್ಗದಲ್ಲಿ ಬಣ್ಣಗಳಿಗೆ ಕೊರತೆ ಇಲ್ಲ. ಟಾಮ್ ಹಾಲೆಂಡ್ ಜೊತೆಗೆ ಸೋಫಿಯಾ ಅಲಿ, ಟಾಟಿ ಗೇಬ್ರಿಯೆಲ್, ಸ್ಪೇನಿನ ಆಂಟೊನಿಯೊ ಬಾಂಡೆರಾಸ್. ಮುಖ ಎಣಿಸೋರು ನೂರಕ್ಕೆ ನೂರು ಅಂಕ ಕೊಡಬಹುದು. ನಿಧಿ ಯಾವುದು? ಮೆಗೆಲ್ಲನ್ನನ ಯಾನದ ಚಿನ್ನ. ಎಲ್ಲಿದೆ? ಫಿಲಿಪ್ಪೀನ್ಸಿನಲ್ಲಿ. 1521ರಲ್ಲಿ ಮಾಕ್ಟಾನ್ ದ್ವೀಪದಲ್ಲಿ ಲಾಪುಲಾಪುವಿನ ಜನ ಮೆಗೆಲ್ಲನ್ನನನ್ನು ಕೊಂದ ನಾಡು ಅದು. ಅವರಿಗೆ ಅವನು ರಾಷ್ಟ್ರೀಯ ವೀರ. ಆದರೆ ಈ ಚಿತ್ರದಲ್ಲಿ ಫಿಲಿಪ್ಪೀನ್ಸಿನ ಜನಕ್ಕೆ ಹೇಳಿಕೊಳ್ಳುವಂಥ ಒಂದು ಪಾತ್ರವೂ ಇಲ್ಲ! ಮೊದಲು ಕಳ್ಳ ಅಥವಾ ಮಗು ಆಗಿಯಾದರೂ ಇದ್ದರು, ಈಗ ಅದೂ ಇಲ್ಲ. ಇದರ ಮೇಲೆ, ಚಿತ್ರದಲ್ಲಿ ತೋರಿಸಿದ ಒಂದು ನಕ್ಷೆಯಲ್ಲಿ ದಕ್ಷಿಣ ಚೀನಾ ಸಮುದ್ರವನ್ನೆಲ್ಲ ತನ್ನದು ಅನ್ನೋ ಚೀನಾದ ಒಂಬತ್ತು ಗೆರೆಗಳು ಕಾಣಿಸಿದವು. ವಿಯೆಟ್ನಾಂ ಚಿತ್ರವನ್ನು ನಿಷೇಧಿಸಿತು, ಫಿಲಿಪ್ಪೀನ್ಸಿನಲ್ಲೂ ಅದು ಚಿತ್ರಮಂದಿರಗಳಿಂದ ಇಳಿಯಿತು. ನಿಧಿ ಸಿನಿಮಾದ ನಕ್ಷೆ ಬರೀ ಆಟದ ಕಾಗದ ಅನ್ನೋರು ಇದನ್ನು ನೋಡಬೇಕು. ಆ ನೀರಿನಲ್ಲಿ ಮೀನು ಹಿಡಿಯೋರಿಗೆ ಅದು ಅನ್ನದ ಪ್ರಶ್ನೆ.

ಇದಕ್ಕೆ ಎದುರಾಗಿ 2019ರ 'ಡೋರಾ ಅಂಡ್ ದಿ ಲಾಸ್ಟ್ ಸಿಟಿ ಆಫ್ ಗೋಲ್ಡ್' ಅನ್ನೋ ಮಕ್ಕಳ ಚಿತ್ರ ಇದೆ. ದೊಡ್ಡ ವಿಮರ್ಶಕರು ಮೂಗು ಮುರಿಯಬಹುದು. ಅದರಲ್ಲಿ ಡೋರಾ ಇಂಕಾ ಜನರ ಕ್ವೆಚುವಾ ಭಾಷೆ ಆಡುತ್ತಾಳೆ. ನಾವು ಅನ್ವೇಷಕರು, ನಿಧಿ ಕಳ್ಳರಲ್ಲ ಅಂತ ಅವಳ ಅಪ್ಪ ಅಮ್ಮ ಮೊದಲೇ ಗೆರೆ ಎಳೆದಿರುತ್ತಾರೆ. ಚಿನ್ನದ ನಗರಕ್ಕೆ ಕಾವಲುಗಾರರಿದ್ದಾರೆ, ಅವರಿಗೆ ಮಾತಿದೆ, ಬಂದವರು ನೋಡಿ ಸುಮ್ಮನೆ ಹಿಂತಿರುಗುತ್ತಾರೆ. ಸಾಹಸ ಕಡಿಮೆಯಾಯ್ತಾ? ಮಕ್ಕಳಂತೂ ದೂರಲಿಲ್ಲ.

"ಹಕ್ಕು, ವಾರಸು, ದಾಖಲೆ ಅಂತೆಲ್ಲ ತುರುಕಿದರೆ ಸಿನಿಮಾ ತಹಸೀಲ್ದಾರ್ ಕಚೇರಿ ಆಗಲ್ವೇನ್ರೀ?" ಅನ್ನೋರಿಗೆ ಒಂದು ನಿಜವಾದ ನಿಧಿಯ ಕತೆ ಹೇಳ್ತೀನಿ. 1976ರಲ್ಲಿ ತಮಿಳುನಾಡಿನ ಪತ್ತೂರಿನಲ್ಲಿ, ಹಾಳುಬಿದ್ದ ಗುಡಿಯ ಹತ್ತಿರ ಅಗೆಯುತ್ತಿದ್ದ ಒಬ್ಬ ಕೂಲಿಗೆ ಕಂಚಿನ ನಟರಾಜ ಸಿಕ್ಕ. ಕೈಯಿಂದ ಕೈಗೆ ಮಾರಾಟವಾಗುತ್ತ ಲಂಡನ್ನಿಗೆ ಹೋದ. ಅಲ್ಲಿ ಕೆನಡಾದ ಕಂಪನಿಯೊಂದು ಕೊಂಡುಕೊಂಡಿತು. ಪೊಲೀಸರು ವಶಪಡಿಸಿಕೊಂಡರು, ಲಂಡನ್ನಿನ ಕೋರ್ಟಿನಲ್ಲಿ ಕೇಸು ನಡೆಯಿತು. ದಾವೆ ಹೂಡಿದವರಲ್ಲಿ ಯಾರಿದ್ದರು ಗೊತ್ತಾ? ಆ ಹಾಳು ಗುಡಿಯೇ ಒಬ್ಬ ಕಕ್ಷಿದಾರ! ಪೂಜೆ ನಿಂತು ಎಷ್ಟೋ ಕಾಲವಾದರೂ ಗುಡಿಗೆ ತನ್ನ ಮೂರ್ತಿ ಕೇಳೋ ಹಕ್ಕಿದೆ ಅಂತ ಇಂಗ್ಲೆಂಡಿನ ನ್ಯಾಯಾಲಯ ಒಪ್ಪಿತು. 1991ರಲ್ಲಿ ನಟರಾಜ ಭಾರತಕ್ಕೆ ವಾಪಸ್ ಬಂದ. ಕಳ್ಳಸಾಗಣೆ, ಪೊಲೀಸು, ಲಂಡನ್ನು, ಕೋರ್ಟು, ಕೊನೆಗೆ ಕಟಕಟೆಯಲ್ಲಿ ಒಂದು ಗುಡಿ! ಇದಕ್ಕಿಂತ ರೋಚಕ ಕ್ಲೈಮ್ಯಾಕ್ಸ್ ಬೇಕಾ ನಿಮಗೆ?

ಬ್ರಿಟಿಷರು 1878ರಲ್ಲಿ ನಮಗೆ ಮಾಡಿಟ್ಟ ನಿಧಿ ಕಾಯ್ದೆಯಲ್ಲೂ, ನೆಲದಲ್ಲಿ ಹೂತ ನಿಧಿ ಸಿಕ್ಕರೆ ಕಲೆಕ್ಟರು ಮೊದಲು ನೋಟೀಸು ಹೊರಡಿಸಿ, ಇದರ ಮೇಲೆ ಹಕ್ಕಿದೆ ಅನ್ನೋರು ಬನ್ನಿ ಅಂತ ಕರೆಯಬೇಕು. ತಿಂಗಳುಗಟ್ಟಲೆ ಕಾಯಬೇಕು. ವಸಾಹತು ಸರಕಾರದ ಕಲೆಕ್ಟರಿಗೆ ಇದ್ದಷ್ಟು ನಾಚಿಕೆಯೂ ನಮ್ಮ ಪ್ರೀತಿಯ ನಿಧಿಬೇಟೆ ನಾಯಕರಿಗೆ ಇಲ್ಲ ಅಂದರೆ ಏನು ಹೇಳೋಣ?

ಮತ್ತೆ ಹೇಳ್ತೀನಿ, ಹಳೇ ಸಿನಿಮಾಗಳನ್ನು ಸುಡಿ ಅಂತ ನಾನು ಹೇಳ್ತಿಲ್ಲ. ನೋಡೋಣ, ಮಜಾ ತಗೊಳ್ಳೋಣ. ಸಾಬು ಜಮಖಾನೆ ಹತ್ತಿ ಹಾರುವಾಗ ಚಪ್ಪಾಳೆ ಹೊಡೆಯೋಣ, ಅವನು ನಮ್ಮ ಕಾರಾಪುರದವನು ಅಂತ ಮಕ್ಕಳಿಗೆ ಹೇಳೋಣ. ಆದರೆ ಮುಂದೆ ಯಾರಾದರೂ "ನಮ್ಮ ಚಿತ್ರದಲ್ಲಿ ಎಲ್ಲ ಜನಾಂಗದವರೂ ಇದ್ದಾರೆ" ಅಂತ ಪೋಸ್ಟರ್ ಅಂಟಿಸಿದಾಗ ಸಲೀಸಾಗಿ ಒಪ್ಪಿಕೊಳ್ಳೋದು ಬೇಡ. ನಕ್ಷೆ ಯಾರ ಕೈಯಲ್ಲಿದೆ, ಬಾಗಿಲು ತೆರೆದಾಗ ಒಳಗಿಂದ "ಯಾರಪ್ಪಾ ನೀನು, ನಮ್ಮ ಮನೇಲಿ ನಿನಗೇನು ಕೆಲಸ?" ಅಂತ ಕೇಳೋಕೆ ಒಬ್ಬ ಮನುಷ್ಯ ಇದ್ದಾನಾ ಅಂತ ನೋಡೋಣ.

ನಿಮಗೆ ಗೊತ್ತಿರೋ ನಿಧಿಬೇಟೆ ಚಿತ್ರಗಳಲ್ಲಿ ಅಂಥ ಒಬ್ಬನಾದರೂ ಇದ್ದರೆ, ಅದು ಯಾವ ಭಾಷೆಯದ್ದೇ ಇರಲಿ, ಕಾಮೆಂಟಿನಲ್ಲಿ ಹೆಸರು ಹಾಕಿ. ಹುಡುಕಿ ನೋಡ್ತೀನಿ. ಬಯ್ಯೋದಿದ್ದರೂ ಸ್ವಾಗತ, ಬಯ್ಗುಳ ಮಾತ್ರ ಅಚ್ಚಗನ್ನಡದಲ್ಲಿರಲಿ :-)